ಹಂದಿ ರೂಪಾಯಿ

“ಇದನ್ನ ಉಜ್ಜಿದೋರು ಯಾರಮ್ಮ?” ಸಾವಿನ ಮನೆಗೆ ಬಂದವನ ಮುಖ ಮಾಡಿಕೊಂಡು ಕೇಳಿದ ಮೋಹನ್‌ಕುಮಾರ್. ಹಳೆಯ ನಾಣ್ಯ ಕೊಳ್ಳಲು ಅರಸೀಕೆರೆಯಿಂದ ಮಾದಿಹಳ್ಳಿಗೆ ಬಂದಿದ್ದ ಅವನು, ಬೆಳ್ಳಿ ರೂಪಾಯಿಯ ಮೇಲಿಂದ ಭೂತಗನ್ನಡಿ ಇನ್ನೂ ಎತ್ತಿರಲಿಲ್ಲ.

“ನಾನೇ ಕಣಪ್ಪ. ದೀಪಾವಳಿಗೊಂದು ಸಲ ಹುಣಸೆಹಣ್ಣು ಹಾಕಿ ಉಜ್ತೀನಿ. ಲಕ್ಷ್ಮೀನ ಕೊಳಕಾಗಿ ಕೂರ್ಸಕ್ಕಾಯ್ತದಾ?” ಎಂದರು ಕಮಲಾಕ್ಷಮ್ಮ.

ಅದು 1911ರ ರೂಪಾಯಿ. ಅದರ ಮೇಲಿನ ಬ್ರಿಟಿಷ್ ರಾಜನ ನಿಲುವಂಗಿಯಲ್ಲಿದ್ದ ಆನೆ ಹಂದಿಯಂತೆ ಕಾಣುತ್ತದೆಂದು ಜನ ತಕರಾರು ತೆಗೆದು, ಸರ್ಕಾರ ಅಚ್ಚನ್ನೇ ಬದಲಿಸಿತ್ತು. ಅಂಥ ಹಂದಿ ರೂಪಾಯಿಗೆ ಈಗ ಒಳ್ಳೆಯ ಬೆಲೆ ಎಂದು ಕೇಳಿದಂದಿನಿಂದ ಕಮಲಾಕ್ಷಮ್ಮನಿಗೆ ಒಂದೇ ಯೋಚನೆ: ಬಚ್ಚಲ ಪಕ್ಕ ಕೂರುವ ಕಮೋಡು ಹಾಕಿಸಬೇಕು. ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಗಂಡ ಷಡಕ್ಷರಪ್ಪ ಮಾತ್ರ, “ಅರವತ್ತೈದು ವರ್ಷ ಕುಕ್ಕರಗಾಲಲ್ಲಿ ಕೂತೋಳಿಗೆ ಈಗ ಸಿಂಹಾಸನ ಬೇಕಾ?” ಎಂದು ಮಾತು ಮುಗಿಸಿದ್ದರು.

“ನೋಡಿ, ನಾಣ್ಯಕ್ಕೂ ಪರೀಕ್ಷೆ ಇದೆ, ಎಪ್ಪತ್ತು ಮಾರ್ಕ್ಸಿಗೆ,” ಎಂದ ಮೋಹನ್‌ಕುಮಾರ್. “ಕಂಪನಿಯೋರು ನೋಡಿ, ಮಾರ್ಕ್ಸ್ ಹಾಕಿ, ಪ್ಲಾಸ್ಟಿಕ್ ಡಬ್ಬೀಲಿಟ್ಟು ಸೀಲ್ ಮಾಡ್ತಾರೆ. ಆಮೇಲೇ ಬೆಲೆ. ಆದರೆ ಉಜ್ಜಿದ್ದಕ್ಕೆ ಮಾರ್ಕ್ಸೇ ಹಾಕಲ್ಲ.”

“ಫೇಲಾ?”

“ಫೇಲ್ ಮಾಡೋಕೂ ಪರೀಕ್ಷೆಗೆ ಕೂರಿಸಬೇಕಲ್ಲಮ್ಮ.”

“ಇನ್ನೂ ಏನೇನು ತಪ್ಪೈತೆ ಹೇಳಪ್ಪ, ತಿಳ್ಕೊತೀನಿ,” ಎಂದು ಕಮಲಾಕ್ಷಮ್ಮ ಸೆರಗು ಹೊದ್ದು ಎದುರಿಗೇ ಕೂತರು. ಅಂಥ ವಿನಯ ಕಂಡು ಮೋಹನ್‌ಕುಮಾರನಿಗೆ ಹುರುಪು ಬಂತು. ರಾಜನ ಮೀಸೆ ಸವೆದಿದೆ. ಕಿರೀಟದ ಹರಳು ಅಳಿಸಿವೆ. ಯಾವ ಕಾಲದಲ್ಲೋ ಸರಕ್ಕೆ ಪೋಣಿಸಿದ್ದಾರೆ, ಅಂಚಿನಲ್ಲಿ ಬೆಸುಗೆಯ ಗುರುತಿದೆ. ಚಲಾವಣೆಯನ್ನೇ ಕಾಣದ ನಾಣ್ಯವಾದರೆ, ಓರೆ ಹಿಡಿದಾಗ ಬೆಳಕು ಚಕ್ರದ ಹಾಗೆ ಸುತ್ತು ಬರಬೇಕು.

“ಅಂಥದ್ದಾಗಿದ್ರೆ ಇಪ್ಪತ್ತು ಸಾವಿರ ಕೊಟ್ಟು ಕಣ್ಣಿಗೊತ್ಕೊತಿದ್ದೆ. ಇದಕ್ಕೆ ಸಾವಿರದಿನ್ನೂರು. ಅದೂ ದೊಡ್ಡೋರು ಅಂತ.”

“ಕೊಟ್ಬಿಡೇ. ಒಂದು ರೂಪಾಯಿಗೆ ಸಾವಿರದಿನ್ನೂರು ಇನ್ಯಾರು ಕೊಟ್ಟಾರು?” ಎಂದು ಷಡಕ್ಷರಪ್ಪ ತಾವೇ ರೂಪಾಯಿಯನ್ನು ಎತ್ತಿ ಅವನ ಅಂಗೈಗಿಟ್ಟರು.

ಕಮಲಾಕ್ಷಮ್ಮ ಎದ್ದು ಒಳಗೆ ಹೋದರು. ಟ್ರಂಕು ತೆರೆದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಹಳೆಯ ರೇಷ್ಮೆ ಬಟ್ಟೆಯ ಗಂಟಿತ್ತು. ಅದನ್ನು ಬಿಚ್ಚಿ, ಒಳಗಿದ್ದ ರೂಪಾಯಿಯನ್ನು ಅಂಚಿನಲ್ಲಿ ಹಿಡಿದು, ಮೋಹನ್‌ಕುಮಾರ್ ಹೇಳಿದಂತೆಯೇ ಬಾಗಿಲ ಬೆಳಕಿಗೆ ಓರೆ ಮಾಡಿದರು. ಬೆಳಕು ಅದರ ಮೇಲೆ ನಿಧಾನವಾಗಿ ಒಂದು ಸುತ್ತು ಬಂತು.

“ಇದು ಅದರ ಜೊತೇದು. ಒಂದು ಪೂಜೆಗಿಟ್ಕೊ, ಒಂದನ್ನ ಯಾರಿಗೂ ತೋರಿಸಬ್ಯಾಡ ಅಂತ ನಮ್ಮವ್ವ ಕೊಟ್ಟಿದ್ಲು. ಉಜ್ಜಿಲ್ಲ, ಪೋಣಿಸಿಲ್ಲ. ಬೇಕಾದ್ರೆ ಮೀಸೆ ಕೂದಲು ಎಣಿಸ್ಕೊ. ಎಪ್ಪತ್ತಕ್ಕೆ ಎಷ್ಟು ಬತ್ತದೆ?”

“ಅರವತ್ತು ದಾಟುತ್ತೆ,” ಎಂದುಬಿಟ್ಟ ಮೋಹನ್‌ಕುಮಾರ್. ನುಂಗಿಕೊಳ್ಳುವಷ್ಟರಲ್ಲಿ ಮಾತು ಹೊರಬಿದ್ದಿತ್ತು. ಆಮೇಲೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ಹುಡುಕಿದ. ಗೊತ್ತಿದ್ದ ತಪ್ಪುಗಳನ್ನೆಲ್ಲ ಆಗಲೇ ಹೇಳಿ ಮುಗಿಸಿದ್ದರಿಂದ ಹೊಸದೇನೂ ಸಿಗಲಿಲ್ಲ.

“ಮೊದಲೇ ಇದನ್ನ ತೋರಿಸಬಹುದಿತ್ತಲ್ಲಮ್ಮ.”

“ನಾವು ಕೊಬ್ಬರಿ ಮಾರೋ ಜನ ಕಣಪ್ಪ. ಬೂಷ್ಟು ಹಿಡಿದ ಚೀಲಾನೇ ಮೊದ್ಲು ಬಿಚ್ಚೋದು. ವ್ಯಾಪಾರಿ ಬೈಗಳೆಲ್ಲ ಅದಕ್ಕೇ ಖರ್ಚಾಗ್ಲಿ ಅಂತ.”

ಇಪ್ಪತ್ತು ಸಾವಿರ ಕೈಸೇರಿತು. ಪೂಜೆಯ ರೂಪಾಯಿಯನ್ನೂ ಕಮಲಾಕ್ಷಮ್ಮ ಅವನಿಂದ ಕೇಳಿ ಹಿಂದಕ್ಕೆ ಪಡೆದರು. ಷಡಕ್ಷರಪ್ಪ ಹೆಂಡತಿಯನ್ನು ಹೊಸದಾಗಿ ನೋಡುವವರಂತೆ ನೋಡುತ್ತಿದ್ದರು.

ಜಗುಲಿ ಇಳಿದ ಮೋಹನ್‌ಕುಮಾರ್ ತಡೆಯಲಾರದೆ ತಿರುಗಿದ. “ಅಮ್ಮ, ಇಂಥವು ಇನ್ನೆಷ್ಟಿವೆ?”

ಉತ್ತರಕ್ಕಾಗಿ ಷಡಕ್ಷರಪ್ಪನೂ ಕುರ್ಚಿಯಿಂದ ಮುಂದಕ್ಕೆ ಬಾಗಿದರು.

“ಅದನ್ನ ಹೇಳ್ಬಿಟ್ರೆ ರೇಟು ಬಿದ್ದೋಗಲ್ವೇನಪ್ಪ,” ಎಂದರು ಕಮಲಾಕ್ಷಮ್ಮ.