ಹನ್ನೊಂದನೆಯ ಪ್ರಶ್ನೆ

ಹಾಸ್ಯಗಾರ ಸಿದ್ದರಾಜು ಕುಸುಮಳ ಮನೆಗೆ ಬಂದು ಅರ್ಧ ಗಂಟೆಯಾಗಿತ್ತು. ಕಾಫಿ ಕುಡಿದಿದ್ದರು, ಲೋಟವನ್ನು ಸದ್ದಾಗದಂತೆ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದರು. "ಸಕ್ಕರೆ ಸಾಕಮ್ಮ" ಅಂದದ್ದು ಬಿಟ್ಟರೆ ಅವರ ಬಾಯಿಂದ ಇನ್ನೊಂದು ಮಾತು ಹೊರಟಿರಲಿಲ್ಲ.

"ಇವ್ರೇನಾ ಕುಸುಮ, ಸಂಜೆ ನಮ್ಮ ಬಡಾವಣೆನೆಲ್ಲ ನಗ್ಸೋದು?" ಅತ್ತೆ ಮಂಗಳಮ್ಮ ಅಡುಗೆಮನೆಗೆ ಬಂದು ಪಿಸುಗುಟ್ಟಿದರು. "ನಿನ್ ಗಂಡ ಬೇರೆ ಯಾರನ್ನೋ ಕರ್ಕೊಂಡ್ ಬಂದ್ಬುಟ್ನಾ ಕೇಳು. ಬ್ಯಾಂಕ್ ವಾಚ್‌ಮನ್ ಥರ ಕೂತವ್ರೆ."

ಕುಸುಮಳಿಗೂ ನಗು ಬಂತು. ಗಂಡ ಶಿವಪ್ರಕಾಶ್ ರಾಮಕೃಷ್ಣನಗರದ ಆ ಬಡಾವಣೆಯ ಸಂಘದ ಕಾರ್ಯದರ್ಶಿ. ಡಿಸೆಂಬರ್‌ಗೆ ಜಾರಿದ್ದ ರಾಜ್ಯೋತ್ಸವಕ್ಕೆ ಕರೆಸಿದ್ದ ಈ ಕಲಾವಿದರನ್ನು ಮನೆಗೆ ಬಿಟ್ಟು, ಶಾಮಿಯಾನ ಹಾಕಿಸಲು ಓಡಿದ್ದ. ಹಾಸ್ಯಗಾರರು ಎಂಥ ಮನುಷ್ಯರಿರಬಹುದು ಎಂದು ಬೆಳಿಗ್ಗೆಯಿಂದ ಮನೆಯಲ್ಲಿ ಪಂಥವೇ ನಡೆದಿತ್ತು. ಬಾಗಿಲಲ್ಲೇ ಶುರುಹಚ್ಚಿಕೊಳ್ಳುತ್ತಾರೆ ಎಂದು ಅತ್ತೆ, ಉಪ್ಪಿಟ್ಟು ತಿನ್ನುವಾಗಲೂ ಬಾಯಿ ಮುಚ್ಚುವುದಿಲ್ಲ ಎಂದು ಗಂಡ. ಮೂರನೇ ಕ್ಲಾಸಿನ ಮಗಳು ಧರಣಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕೇಳಿದರೂ ಅವಳು ಭುಜ ಕುಣಿಸುತ್ತಿದ್ದಳು, ಅಷ್ಟೆ.

ಫ್ರಿಜ್ಜಿನ ಮೇಲೆ ಶಾಲೆಯ ಫಾರಂ ಇತ್ತು. 'ನಿಮ್ಮ ಮಗಳು ತುಂಬಾ ಅಂತರ್ಮುಖಿ, ಇದನ್ನು ತುಂಬಿ ಕೊಡಿ' ಎಂದು ಮಿಸ್ ಕಳಿಸಿದ್ದರು. ಹತ್ತು ಪ್ರಶ್ನೆಗೆ ಕುಸುಮ ಉತ್ತರ ಬರೆದಿದ್ದಳು. ಹನ್ನೊಂದನೆಯದು ನಾಲ್ಕು ದಿನದಿಂದ ಖಾಲಿ. 'ಮಗು ಹೀಗಿರಲು ಮನೆಯಲ್ಲಿ ಏನಾದರೂ ಕಾರಣ ಇದೆಯೇ?' ನಾಳೆ ಕೊಡಲೇಬೇಕು.

ಕಾರಣ ಅವಳಿಗೆ ಗೊತ್ತಿತ್ತು. ಧರಣಿ ಹುಟ್ಟಿದ ಮೇಲೆ ಮೂರು ವರ್ಷ ಶಿವಪ್ರಕಾಶನಿಗೆ ಹೆಬ್ಬಾಳದ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಏಳಕ್ಕೆ ಬಸ್ಸಿಳಿದು ಬಂದು ಮಲಗಿದರೆ ಏಳುವುದು ಎರಡಕ್ಕೆ. ಇದ್ದದ್ದು ಒಂದೇ ಕೋಣೆ. ಮಗು ಬಾಯಿ ತೆರೆಯುವ ಮೊದಲೇ "ಶ್, ಅಪ್ಪ ಮಲಗವ್ರೆ." ಮಗುವಿನ ಕಾಲಿನ ಗೆಜ್ಜೆಯನ್ನು ಕುಸುಮ ಬಿಚ್ಚಿಟ್ಟಿದ್ದಳು. ಕುಕ್ಕರ್ ಕೂಗದಿರಲೆಂದು ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸಿದ್ದಳು. ಗಂಡನಿಗೆ ಹಗಲು ಪಾಳಿ ಸಿಕ್ಕಿ ಐದು ವರ್ಷವಾದರೂ, ತಟ್ಟೆಗಳನ್ನು ಬಟ್ಟೆ ಹಾಸಿಯೇ ಇಡುವ ಅಭ್ಯಾಸ ಹೋಗಿರಲಿಲ್ಲ. "ನಿಮ್ ಶ್ ಶ್ ಕೇಳಿ ಕೇಳೇ ಮಗು ಬಾಯಿ ಹೊಲ್ಕೊಂಡ್ಬುಡ್ತು ಕಣಮ್ಮ," ಎಂದು ಅತ್ತೆ ಒಮ್ಮೆ ನಗುತ್ತಲೇ ಅಂದದ್ದು ಅವಳ ಎದೆಯಲ್ಲಿ ಹಾಗೇ ಉಳಿದುಬಿಟ್ಟಿತ್ತು.

ಕುಸುಮ ಹಜಾರಕ್ಕೆ ಇಣುಕಿದಳು. ಸಿದ್ದರಾಜು ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂತಿದ್ದರು. ಎದುರಿಗೆ ಧರಣಿ, ನಡುವೆ ನೆನೆಸಿದ ಅವರೆಕಾಳಿನ ಬೇಸಿನ್. ಇಬ್ಬರೂ ಮಾತಿಲ್ಲದೆ ಕಾಳು ಹಿತುಕುತ್ತಿದ್ದರು. ಧರಣಿ ಹಿತುಕಿದ ಒಂದು ಕಾಳು ಚಿಮ್ಮಿ ಹೋಗಿ ಅವರ ಹಣೆಗೆ ಬಡಿಯಿತು. ಅವರು ಗಂಭೀರವಾಗಿ ಅದನ್ನೆತ್ತಿ ಬಟ್ಟಲಿಗೆ ಹಾಕಿದರು.

"ಅಂಕಲ್, ಅಷ್ಟು ಜನ ಇರ್ತಾರಲ್ಲ, ನಿಮಗೆ ಭಯ ಆಗಲ್ವಾ?"

ಕುಸುಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೊಸಬರೊಡನೆ ಮಗಳು ಇಷ್ಟುದ್ದದ ಮಾತಾಡಿದ್ದು ಇದೇ ಮೊದಲು.

"ಆಯ್ತದೆ ಕಣವ್ವ. ಅದ್ಕೇ ಈಗ ಸುಮ್ನಿದೀನಿ. ಮಾತನ್ನೆಲ್ಲ ಸಂಜೆಗೆ ಎತ್ತಿಟ್ಟಿದೀನಿ."

"ಸಾರ್," ಕುಸುಮ ತಡೆಯಲಾರದೆ ಕೇಳಿದಳು, "ನೀವು ಚಿಕ್ಕಂದಿನಿಂದ್ಲೂ ಹೀಗೇನಾ? ಮನೇಲಿ ಯಾರಾದ್ರೂ ಸುಮ್ನಿರು, ಸುಮ್ನಿರು ಅಂತ..."

"ಸುಮ್ನಿರು ಅಂತಾನಾ?" ಸಿದ್ದರಾಜು ಮೊದಲ ಸಲ ನಕ್ಕರು. "ನಮ್ಮನೆ ಮಂಡಿಮೊಹಲ್ಲಾದಲ್ಲಿ, ಗೋಡೆಗಂಟ್ಕೊಂಡೇ ಹಿಟ್ಟಿನ ಗಿರಣಿ. ಹೊತ್ತು ಹುಟ್ಟಿದ್ರೆ ಗಡಗಡ ಅಂತ ಶುರು. ಉಪ್ಪು ಬೇಕಂದ್ರೂ ಕಿರುಚ್ಬೇಕು. ಐದು ಜನ ಮಕ್ಕಳು ನಾವು. ನಾಲ್ವರು ಇವತ್ತಿಗೂ ಫೋನಲ್ಲಿ ಮಾತಾಡಿದ್ರೆ ಬೀದಿಗೆಲ್ಲ ಕೇಳ್ಸುತ್ತೆ. ನಾನೊಬ್ಬ ಮಂಚದ ಕೆಳಗೆ. ಬಾಯಿ ಬಿಡಲಿ ಅಂತ ನಮ್ಮವ್ವ ಹರಕೆ ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಿದ್ಲು. ಹತ್ತಿದೆ, ಇಳಿದೆ, ಬಂದು ಮತ್ತೆ ಮಂಚದ ಕೆಳಗೇ ಕೂತೆ."

"ಅಯ್ಯೋ, ಮತ್ತೆ ಈ ಕೆಲಸ ಎಂಗೆ ಹಿಡಿದ್ರಿ?" ಕುಸುಮಳ ಹಿಂದೆಯೇ ಬಂದಿದ್ದ ಮಂಗಳಮ್ಮ ಕೇಳಿದರು.

"ಮಂಚದ ಕೆಳಗಿಂದ ಎಲ್ರ ಮಾತೂ ಕೇಳಿಸ್ಕೊಂಡಿದ್ನಲ್ಲಮ್ಮ. ಅದನ್ನೇ ಈಗ ವಾಪಸ್ ಹೇಳೋದು." ಅಷ್ಟು ಹೇಳಿ, ಅಂದಿನ ಪಾಲಿನ ಮಾತು ಮುಗಿಯಿತು ಎಂಬಂತೆ ಅವರು ಗೋಡೆಗೊರಗಿ ಕಣ್ಣು ಮುಚ್ಚಿದರು. ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು.

ಕುಸುಮ ಒಳಗೆ ಬಂದು ನಿಂತಳು. ಅದೇ ಗಿರಣಿ, ಅದೇ ಗೋಡೆ, ಅದೇ ತಾಯಿ. ನಾಲ್ವರು ಹಾಗೆ, ಒಬ್ಬರು ಹೀಗೆ. ಇದೇನೂ ಓದಿದವರು ಬರೆದುಕೊಟ್ಟ ಮಾತಲ್ಲ ಎಂದು ಅವಳಿಗೂ ಗೊತ್ತು. ಆದರೂ ಎಷ್ಟೋ ವರ್ಷದ ಮೇಲೆ ಉಸಿರು ಹೊಟ್ಟೆಯ ತನಕ ಇಳಿದಂತಾಯಿತು. ಫಾರಂ ತೆಗೆದು ಹನ್ನೊಂದನೆಯ ಪ್ರಶ್ನೆಯ ಮುಂದೆ 'ಹುಟ್ಟುಗುಣ. ಚೆನ್ನಾಗಿದ್ದಾಳೆ' ಎಂದು ಬರೆದಳು. ಕಣ್ಣೊರೆಸಿಕೊಂಡು, ಉಪ್ಪಿಟ್ಟು ಬಡಿಸಲು ತಟ್ಟೆ ಎಳೆದಳು. ಬಟ್ಟೆ ಹಾಸುವುದು ಮರೆತೇಹೋಯಿತು. ಮೇಲಿನ ತಟ್ಟೆ ಜಾರಿ ನೆಲಕ್ಕೆ ಬಿತ್ತು, ಠಣಠಣ ಎನ್ನುತ್ತಾ ಸುತ್ತು ಹೊಡೆಯಿತು.

"ಶ್!"

ಬಾಗಿಲಲ್ಲಿ ಧರಣಿ, ತುಟಿಯ ಮೇಲೆ ಅವರೆ ಸೊಗಡಿನ ಬೆರಳು. "ಮೆತ್ತಗಮ್ಮಾ. ಅಂಕಲ್ ಒಳಗೊಳಗೇ ಮಾತಾಡ್ತಾ ಇದ್ದಾರೆ."