ಬೆಂಕಿಪೊಟ್ಟಣದ ದುಂಬಿ

ಜಿರಳೆ ಕಂಡರೆ ಸಾಕಮ್ಮನ ಕೈಗೆ ಪೊರಕೆ ತಾನಾಗಿ ಬರುತ್ತಿತ್ತು. ಹೋದ ಯುಗಾದಿಯಲ್ಲಿ ನಾದಿನಿ ನೆಂಟರೆದುರಿಗೇ, "ನಮ್ಮತ್ತಿಗೆ ಅಡಿಗೆಮನೆ ತುಂಬ ಬರೀ ಜಿರಳೆ" ಎಂದು ನಕ್ಕಿದ್ದಳು. ಆ ಮಾತು ಮುಳ್ಳಿನಂತೆ ನೆಟ್ಟಿತ್ತು. ಅಂದಿನಿಂದ ಆ ಮನೆಯಲ್ಲಿ ಜಿರಳೆಯ ಮೀಸೆ ಅಲ್ಲಾಡಿರಲಿಲ್ಲ.

ಅಂಥ ಮನೆಗೆ ಗಂಡ ತನ್ನ ಅದೇ ತಂಗಿಯ ಊರಿನಿಂದ ಬರುವಾಗ ಬೆಂಕಿಪೊಟ್ಟಣದಲ್ಲಿ ಒಂದು ದುಂಬಿ ತಂದ. ಗಟ್ಟಿ ಬೆನ್ನು, ಮಿರಮಿರ ಮಿಂಚು; ಮೀಸೆ ಮಾತ್ರ ಮುರಿದುಹೋಗಿತ್ತು. ಚಿಕ್ಕಂದಿನಲ್ಲಿ ಹೊಳೆಯುವ ಜೀರ್ಜಿಂಬೆ ದುಂಬಿ ಸಾಕಿದ್ದ ಸಾಕಮ್ಮ ಇದಕ್ಕೂ ಜಾಲಿಯ ಚಿಗುರು ಹಾಕಿ, ಮೊಟ್ಟೆ ಇಟ್ಟೀತೆಂದು ಕಾದಳು.

ಒಂದು ಬೆಳಿಗ್ಗೆ ಪೊಟ್ಟಣ ತೆರೆದರೆ ಮೊಟ್ಟೆಯಿಲ್ಲ; ಬಿಳಿಚಿಕೊಂಡ ಮರಿಗಳು ಮೀಸೆ ಕುಣಿಸುತ್ತಿದ್ದವು. ಆ ಮೀಸೆ ಸಾಕಮ್ಮನಿಗೆ ಗೊತ್ತಿಲ್ಲದ್ದೇ?

"ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಇದು ಜಿರಳೆ ಕಣ್ರೀ! ಎಲ್ಲಿ ಹಿಡಿದ್ರಿ?"

"ತಂಗಿ ಅಡಿಗೆಮನೇಲಿ ಕಣೇ, ಅಕ್ಕಿ ಡಬ್ಬದ ಹಿಂದೆ. ಅಲ್ಲಿ ಬೇಕಾದಷ್ಟಿದ್ವು. ದುಂಬಿ ಅಂದ್ಕೊಂಡೆ" ಎನ್ನುತ್ತ ಗಂಡ ಪೊರಕೆ ಎತ್ತಿದ.

ಸಾಕಮ್ಮ ಪೊಟ್ಟಣವನ್ನು ಸೆರಗಿನಡಿ ಮುಚ್ಚಿಕೊಂಡಳು.

"ಥೂ, ಇಳಿಸ್ರೀ ಅದನ್ನ! ಬಾಣಂತೀನ ಯಾರಾದ್ರೂ ಹೊಡೀತಾರಾ? ಮಕ್ಕಳ ಸಮೇತ ತವರಿಗೆ ಬಿಟ್ಟು ಬನ್ನಿ, ನೆಂಟರು ಊಟಕ್ಕೆ ಕೂತಿರೋ ಹೊತ್ತು ನೋಡಿ."