ಒಲೆಯ ಹಿಂದಿನ ಅಜ್ಜಯ್ಯ

"ಇಲ್ಲಿದ್ದ ಚಪ್ಪಲಿ ಎಲ್ಲಿ?" ಖಾಲಿಯಾದ ಅಡುಗೆಮನೆಯ ನಡುವೆ ನಿಂತು ಅಲೇಸ್ಯಾ ಕೇಳಿದಳು.

"ಅದಾ? ಬಿಸಾಡಿದೆ," ಎಂದರು ಉಮಾವತಿ, ನೆಲ ಒರೆಸುತ್ತಲೇ. "ಅಡುಗೆಕೋಣೆಯಲ್ಲಿ ಯಾರಾದ್ರೂ ಚಪ್ಪಲಿ ಇಡ್ತಾರಾ ಮಾರಾಯ್ತಿ? ಅದರೊಳಗೆ ಒಂದು ತುಂಡು ಬ್ರೆಡ್ಡು ಬೇರೆ, ಇರುವೆಗಳಿಗೆ ಮದುವೆ ಊಟ! ಉಳಿದ ಕಸದೊಟ್ಟಿಗೆ ಕೆಳಗೆ ಹಾಕಿ ಬಂದೆ."

ಅಲೇಸ್ಯಾ ಬೆಲಾರೂಸಿನವಳು. ಉಡುಪಿಯ ಡೆಸ್ಮಂಡನನ್ನು ಮದುವೆಯಾಗಿ ಕೊಲ್ಲಿ ನಾಡಿನ ದಾರ್ಸೈಟಿನ ಈ ಫ್ಲಾಟಿಗೆ ಬಂದಿದ್ದಳು. ಅವಳಿಗೆ ಬರುವ ಕನ್ನಡವೆಲ್ಲ ಪಕ್ಕದ ಮನೆಯ ಉಮಾವತಿ ಕಲಿಸಿದ್ದು. ಇವತ್ತು ಅಲೇಸ್ಯಾಳ ಸಂಸಾರ ಗುಡ್ಡದಾಚೆಯ ಅಮೇರಾತಿಗೆ ಮನೆ ಬದಲಾಯಿಸುವುದಿತ್ತು. ಮನೆ ಚೊಕ್ಕಟ ಮಾಡಿಕೊಡಲೆಂದು ಉಮಾವತಿ ಮಗಳು ಪ್ರಣೀತಾಳನ್ನೂ ಕರೆದುಕೊಂಡು ಬೆಳಿಗ್ಗೆಯೇ ಬಂದಿದ್ದರು.

ಅಲೇಸ್ಯಾ ಬೈಯಲಿಲ್ಲ. ಗ್ಯಾಸಿನ ಒಲೆ ಇದ್ದ ಜಾಗದಲ್ಲಿ ಈಗ ಒಂದು ಎಣ್ಣೆಯ ಕಲೆ ಮಾತ್ರ ಉಳಿದಿತ್ತು. ಅದರ ಪಕ್ಕ ನೆಲದ ಮೇಲೆ ಕುಳಿತುಬಿಟ್ಟಳು. ಪ್ರಣೀತಾ ಕೆಳಗೆ ಓಡಿದಳು. ಕಸದ ಲಾರಿ ಬಂದು ಹೋಗಿ ತೊಟ್ಟಿ ಬರಿದಾಗಿತ್ತು. ಸಾಮಾನು ತುಂಬಿದ ಪಿಕಪ್ಪಿನ ಪಕ್ಕ ನಿಂತಿದ್ದ ಡೆಸ್ಮಂಡ್, "ಯಲ್ಲಾ, ಬೇಗ ಬೇಗ ಪ್ರಣೀ, ಗಾಡಿಯವ ಬೊಬ್ಬೆ ಹೊಡೀತಿದ್ದಾನೆ. ಇಳೀಲಿಕ್ಕೆ ಹೇಳು ಅವಳಿಗೆ," ಎಂದ. ಅವಳು ಬರಿಗೈಯಲ್ಲಿ ಮೇಲೆ ಬಂದಳು.

"ಹೊಸದು ಒಂದು ತೆಗೆದುಕೊಡ್ತೇನೆ," ಎನ್ನುತ್ತಿದ್ದರು ಉಮಾವತಿ. "ಚಪ್ಪಲಿಗೆಲ್ಲ ಅಳುದಾ?"

"ಚಪ್ಪಲಿಗೆ ಅಲ್ಲ ಉಮಕ್ಕ. ಅದರಲ್ಲಿ ನಮ್ಮ ಅಜ್ಜ ಕೂತ್ಕೊಳ್ಳಬೇಕಿತ್ತು. ದಮವೀಕ್. ಮನೆ ಕಾಯುವವನು. ಒಲೆಯ ಹಿಂದೆ ಇರ್ತಾನೆ, ಕಣ್ಣಿಗೆ ಕಾಣುದಿಲ್ಲ. ಮನೆ ಬಿಡುವಾಗ ಹಳೆ ಚಪ್ಪಲಿಯಲ್ಲಿ ಬ್ರೆಡ್ಡು ಇಟ್ಟು ಕರೀಬೇಕು. ಕರೀದಿದ್ರೆ ಖಾಲಿ ಮನೆಯಲ್ಲಿ ಒಬ್ಬನೇ ಅಳ್ತಾ ಇರ್ತಾನೆ." ಅವಳು ಮೂಗು ಒರೆಸಿಕೊಂಡಳು. "ನಾನು ಇಲ್ಲಿಗೆ ಬರುವಾಗ ಅಜ್ಜಿ ತನ್ನ ಚಪ್ಪಲಿಯಲ್ಲೇ ಅವನನ್ನು ಕೂರಿಸಿ ಕಳಿಸಿದ್ದು. ಈಗ ಅಜ್ಜಿ ಇಲ್ಲ, ಆ ಮನೆಯೂ ಇಲ್ಲ. ನಮ್ಮವರು ಅಂತ ನಂಗೆ ಉಳಿದದ್ದು ಅವನೊಬ್ಬನೇ."

ಪ್ರಣೀತಾ ಅಮ್ಮನ ಮುಖ ನೋಡಿದಳು. ಈಗ ನಕ್ಕುಬಿಡುತ್ತಾರೆ ಎಂದುಕೊಂಡಳು. ಉಮಾವತಿ ನಗಲಿಲ್ಲ.

"ಅವನು ಅನ್ಬೇಡ, ಅವರು ಅನ್ನು," ಎಂದರು ಮೆಲ್ಲಗೆ. "ಮೊದಲೇ ಹೇಳ್ಳಿಕ್ಕೆ ಏನಾಗಿತ್ತು ನಿಂಗೆ? ಮನೆ ದೈವಕ್ಕೆ ಅರಿಕೆ ಮಾಡದೆ ನಾವು ಹೊಸ್ತಿಲು ದಾಟ್ತೇವಾ? ಊರಿನಲ್ಲಾದ್ರೆ ನಾನು ತಪ್ಪುಕಾಣಿಕೆ ಹಾಕ್ಬೇಕಿತ್ತು."

ಹೊರಬಾಗಿಲಿಗೆ ಹೋಗಿ ಅಲ್ಲಿ ಬಿಟ್ಟಿದ್ದ ತಮ್ಮ ರಬ್ಬರ್ ಚಪ್ಪಲಿಯಲ್ಲಿ ಒಂದನ್ನು ಎತ್ತಿಕೊಂಡರು. ಹಿಮ್ಮಡಿ ಸವೆದು ತೆಳ್ಳಗಾಗಿದ್ದ ಚಪ್ಪಲಿ. ಅಡುಗೆಮನೆಯ ಬಾಗಿಲಲ್ಲಿ ಅವರ ಕಾಲು ಒಂದು ಕ್ಷಣ ತಡೆಯಿತು. ಆಮೇಲೆ ಒಳಗೆ ಬಂದು ಚಪ್ಪಲಿಯನ್ನು ಎರಡೂ ಕೈಯಿಂದ ಎಣ್ಣೆಯ ಕಲೆಯ ಮೇಲಿಟ್ಟರು.

"ಬ್ರೆಡ್ಡು ಇಲ್ಲ. ಊಟಕ್ಕೆ ತಂದ ನೀರುದೋಸೆ ಉಂಟು. ಆದೀತಾ ಅವರಿಗೆ?"

"ದಿನಾ ಗೋಡೆ ಆಚೆಯಿಂದ ವಾಸನೆ ಕುಡಿದವರು," ಅಲೇಸ್ಯಾ ಅಳುವಿನ ನಡುವೆಯೇ ನಕ್ಕಳು. "ಆದ್ರೆ ಉಮಕ್ಕ, ಸುಮ್ಮನೆ ಕರೆದ್ರೆ ಬರುದಿಲ್ಲ. ಪದ ಕಟ್ಟಿ ಹೇಳ್ಬೇಕು. ಅಜ್ಜಿಗೆ ಬರ್ತಿತ್ತು, ನಂಗೆ ನೆನಪಿಲ್ಲ."

"ಇವಳು ಹೇಳ್ತಾಳೆ." ಉಮಾವತಿ ಮಗಳತ್ತ ಗಲ್ಲ ಎತ್ತಿದರು. "ಆಫೀಸಿನ ಕೆಲಸ ಅಂತ ಇವಳು ಮೊಬೈಲು ಕುಟ್ಟುದು ಎಂತ ಅಂತ ನಂಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ. ಪಕ್ಕ ಕೂತವಳು ಆ ಪದ್ಯ ಎಲ್ಲ ಓದುದಿಲ್ವಾ?"

ಪ್ರಣೀತಾಳ ಕಿವಿ ಬಿಸಿಯಾಯಿತು. "ಅಮ್ಮಾ! ಆ ಅಜ್ಜನಿಗೆ ಕನ್ನಡ ಎಲ್ಲಿ ಅರ್ಥ ಆಗ್ತದೆ?"

"ಇಷ್ಟು ವರ್ಷ ನಿನ್ನಮ್ಮನ ಸ್ವರ ಕೇಳಿದ್ದಾರಲ್ಲ," ಅಲೇಸ್ಯಾ ಅಂದಳು. "ಕಲಿಯದೆ ಬೇರೆ ದಾರಿ ಉಂಟಾ?"

ಒಂದು ಸಾಲನ್ನೂ ಪ್ರಣೀತಾ ಈವರೆಗೆ ಯಾರೆದುರೂ ಓದಿದವಳಲ್ಲ. ಮೊದಲ ಕೇಳುಗ ಕಣ್ಣಿಗೆ ಕಾಣದವನಾದ್ದರಿಂದ ನಾಚಿಕೆ ಒಂಚೂರು ಕಡಿಮೆಯಾಯಿತೋ ಏನೋ. ನೀರುದೋಸೆ ಇಟ್ಟ ಚಪ್ಪಲಿಯ ಮುಂದೆ ಮಂಡಿಯೂರಿ, ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ ಶುರುಮಾಡಿದಳು:

ಒಲೆಯ ಹಿಂದಿನ ಅಜ್ಜಯ್ಯ, ಎದ್ದು ಬಾ,
ಮೈಗಂಟಿದ ನಿದ್ದೆಯ ಕೊಡವಿ ಬಾ.
ಕಡಲು ದಾಟಿದವಗೆ ಈ ಗುಡ್ಡ ಯಾವ ದೊಡ್ಡದು?
ನೀ ಕಾಯದ ಬೆಂಕಿಗೆ ಮನೆಯೆಂಬುದೆಲ್ಲಿಯದು?
ಹೊಸ ಗೋಡೆಗೆ ನಿನ್ನ ಹೆಸರು ಗೊತ್ತಿಲ್ಲ, ಹೇಳು ಬಾ,
ಮೊಮ್ಮಗಳು ಕಾದಿಹಳು, ಮೆಲ್ಲ ಕಾಲಿಡು ಬಾ.

ಗೋಡೆಯಲ್ಲಿ ಏಸಿ ತೆಗೆದ ಕಂಡಿಯಿಂದ ಬಿಸಿಗಾಳಿ ಒಳಗೆ ಬಂತು. ಅಲೇಸ್ಯಾ ತನ್ನ ಭಾಷೆಯಲ್ಲಿ ಏನೋ ಪಿಸುಗುಟ್ಟಿ, ಚಪ್ಪಲಿಯ ಕೆಳಗೆ ಮೆಲ್ಲನೆ ಅಂಗೈ ತೂರಿಸಿ ಎತ್ತಿದಳು. ಆಗಷ್ಟೇ ಹುಟ್ಟಿದ ಮಗುವನ್ನು ಹಾಗೆ ಎತ್ತುತ್ತಾರೆ. ಬಂದರೇ ಎಂದು ಪ್ರಣೀತಾ ಕೇಳಲಿಲ್ಲ. ಅಲೇಸ್ಯಾಳ ಮುಖ ನೋಡಿದ ಮೇಲೆ ಕೇಳುವುದೇನೂ ಇರಲಿಲ್ಲ.

ಕೆಳಗೆ ನಡುಮಧ್ಯಾಹ್ನದ ಬಿಸಿಲು ಟಾರಿನ ಮೇಲೆ ಕುದಿಯುತ್ತಿತ್ತು. ಕಟ್ಟಡದ ಮೆಟ್ಟಿಲಿನಿಂದ ಪಿಕಪ್ಪಿನವರೆಗೆ ಎಲ್ಲೂ ನೆರಳಿಲ್ಲ. ಅಲೇಸ್ಯಾ ಎರಡು ಹೆಜ್ಜೆ ಇಟ್ಟಿದ್ದಳಷ್ಟೇ, ಉಮಾವತಿ ತಲೆಯ ಮೇಲಿದ್ದ ಶಾಲನ್ನು ಎಳೆದುಕೊಂಡು ಅವಳ ಹಿಂದೆ ಧಾವಿಸಿದರು. ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಸುಡುವ ನೆಲದ ಮೇಲೆ ಕುಂಟುತ್ತ, ಹಾರುತ್ತ ಓಡಿದರು.

"ಅಯ್ಯೋ ಉಮಕ್ಕ, ನಿಮ್ಮ ಕಾಲು!"

"ನನ್ನ ಕಾಲು ಹಾಳಾಗ್ಲಿ," ಎಂದು ಉಮಾವತಿ ಶಾಲನ್ನು ಆ ಚಪ್ಪಲಿಯ ಮೇಲೆ ಚಪ್ಪರದಂತೆ ಅಗಲಿಸಿ ಹಿಡಿದರು. "ಹಿಮದ ಊರಿನವರು ಮಾರಾಯ್ತಿ, ತಲೆ ಸುಟ್ಟೀತು ಅವರದ್ದು."